ಒಂಬತ್ತನೇ ಖಾನೆಯ ಮಾತು

ಬೆಳಗಿನ ಐದಕ್ಕೆ ಇನ್ನು ಅರ್ಧ ನಿಮಿಷ. ವಡಾಲದ ಬಂದರು ರಸ್ತೆಯಲ್ಲಿ ಸಾಲಾಗಿ ನಿಂತ ಲಾರಿಗಳ ಡ್ರೈವರುಗಳಿಗೆ ಇನ್ನೂ ಎಚ್ಚರವಾಗಿಲ್ಲ. ಹಳೆಯ ಗೋದಾಮೊಂದರ ನಾಲ್ಕನೇ ಮಾಳಿಗೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಹಸಿರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಬ್ಬಿಣದ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ ಗುರುಬಾಯಿ. ಎದುರಿಗೆ ಬೂದು ಬಣ್ಣದ ವೈರ್‌ಲೆಸ್ ಸೆಟ್ಟು, ಕೈಯಲ್ಲಿ ಮೈಕು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಸೆಕೆಂಡಿನ ಮುಳ್ಳು ನೆತ್ತಿಗೆ ಬರುತ್ತಿದ್ದಂತೆ ಗುಂಡಿ ಒತ್ತುತ್ತಾರೆ.

“ಪಾಂಚ್ ಬಜೇ. ಪಾಂಚ್ ಬಜೇ. ಚಿಟ್ಠಿ ಹೈ: ತೀನ್, ಗ್ಯಾರಾ, ಬೀಸ್. ಬಾಕಿ ಸಬ್ ಸೋ ಜಾವ್.”

ಗಂಟೆ ಐದಾಯಿತು, ಮೂರು, ಹನ್ನೊಂದು, ಇಪ್ಪತ್ತನೇ ನಂಬರಿನವರಿಗೆ ಚೀಟಿ ಬಂದಿದೆ, ಮಿಕ್ಕವರೆಲ್ಲ ಮಲಗಿಕೊಳ್ಳಿ ಎಂದರ್ಥ. ಅಷ್ಟು ಹೇಳಿ ಗುಂಡಿ ಬಿಟ್ಟರೆ ಸೆಟ್ಟಿನಿಂದ ಒಗ್ಗರಣೆಯ ಸದ್ದು. ಆ ಸದ್ದಿನೊಳಗಿಂದ ಒಂದೊಂದೇ ದನಿ ಏಳುತ್ತದೆ. ಮೂರು ಎದ್ದಿದ್ದಾನೆ, ಹನ್ನೊಂದು ಎದ್ದಿದ್ದಾನೆ, ಇಪ್ಪತ್ತು ಆಕಳಿಸುತ್ತಾ ಎದ್ದಿದ್ದಾನೆ. ಗುರುಬಾಯಿ ಒಬ್ಬೊಬ್ಬರ ಚೀಟಿಯನ್ನೂ ಓದಿ ಹೇಳುತ್ತಾರೆ, ಅವರು ಅದನ್ನು ತಿರುಗಿ ಒಪ್ಪಿಸುತ್ತಾರೆ, ಚೀಟಿ ಮೇಜಿನ ಮೇಲಿನ ಮೊಳೆಗೆ ಏರುತ್ತದೆ. ಎಲ್ಲ ಸೇರಿ ಎರಡು ನಿಮಿಷ. ಆಮೇಲೆ ಮೂರೂ ಜನ “ಸೋತಾ ಹೈ”, ಅಂದರೆ ಮಲಗುತ್ತೇನೆ, ಎಂದು ಹೇಳಿ ಸೆಟ್ಟು ಬಂದ್ ಮಾಡುತ್ತಾರೆ. ಗುರುಬಾಯಿ ಚಹಾದ ಗ್ಲಾಸು ಎತ್ತಿಕೊಳ್ಳುತ್ತಾರೆ.

ಇದೆಂಥ ಕೆಲಸ ಮಾರಾಯರೇ, ಮಲಗಿದವರನ್ನು ಎಬ್ಬಿಸಿ ಮತ್ತೆ ಮಲಗಿಸುವುದು ಎಂದು ಮೊದಲ ಸಲ ನೋಡಿದವರಿಗೆ ನಗು ಬರಬೇಕು. ಆದರೆ ಒಂದು ಬೆಳಗು ಪೂರ್ತಿ ಆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿ. ನಗು ಯಾವಾಗ ನಿಂತು ಯಾವಾಗ ಬಾಯಿ ತೆರೆದುಕೊಂಡಿತು ಎಂಬುದೇ ತಿಳಿಯುವುದಿಲ್ಲ.

ಈ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಕಾಣುವುದು ಹಾರ್ಬರ್ ಲೈನಿನ ರೈಲು ತಂತಿ, ಸಿಮೆಂಟಿನ ಗೋಡೆ, ಅದರಾಚೆ ಮಂಜು. ಆ ಮಂಜಿನಾಚೆ ಒಂದು ಖಾಸಗಿ ಕಂಪನಿಯ ಇಪ್ಪತ್ತಮೂರು ಬಾರ್ಜುಗಳು ಅಲ್ಲಲ್ಲಿ ಲಂಗರು ಹಾಕಿ ನಿಂತಿವೆ. ದೊಡ್ಡ ಹಡಗುಗಳಿಂದ ಗೊಬ್ಬರ, ಗಂಧಕ, ಕಲ್ಲಿದ್ದಲು ಇಳಿಸಿಕೊಂಡು ಖಾಡಿಯ, ಅಂದರೆ ಹಿನ್ನೀರಿನ, ದಂಡೆಗಳಿಗೆ ಮುಟ್ಟಿಸುವ ಕಬ್ಬಿಣದ ತೊಟ್ಟಿಗಳಿವು. ಎಂಜಿನ್ ಇಲ್ಲ. ಟಗ್ ಎಂಬ ಎಳೆಯುವ ದೋಣಿ ಬಂದರೆ ಹೊರಟವು, ಬರದಿದ್ದರೆ ನಾಲ್ಕಾರು ದಿನ ನಿಂತಲ್ಲೇ. ಬಾರ್ಜಿಗೊಬ್ಬ ತಾಂಡೇಲ, ಅಂದರೆ ಯಜಮಾನ. ಅವನ ಕೈಕೆಳಗೆ ಮೂವರು ಖಲಾಸಿಗಳು, ಅಂದರೆ ಕೆಲಸದಾಳುಗಳು. ಅವರಿಗೂ ದಡಕ್ಕೂ ನಡುವೆ ಇರುವ ಒಂದೇ ಕೊಂಡಿ ಈ ವೈರ್‌ಲೆಸ್ಸು. ಎಂಜಿನ್ ಇಲ್ಲ ಅಂದಮೇಲೆ ಕರೆಂಟೂ ಇಲ್ಲವಲ್ಲ; ಸೆಟ್ಟು ನಡೆಯುವುದು ಲಾರಿಯ ಬ್ಯಾಟರಿಯ ಮೇಲೆ. ಅದು ಇಳಿದುಹೋದರೆ ದಡದಿಂದ ಇನ್ನೊಂದು ಬರುವವರೆಗೆ ಆ ಬಾರ್ಜು ಇದ್ದೂ ಇಲ್ಲದ ಹಾಗೆ.

ಎಂಬತ್ತಮೂರನೇ ಇಸವಿಯವರೆಗೆ ಕಂಪನಿಯ ನಿಯಮ ಎಲ್ಲರ ಸೆಟ್ಟೂ ಸದಾ ಚಾಲೂ ಇರಬೇಕು ಎಂಬುದಾಗಿತ್ತು. ಯಾರಾದರೂ ಕರೆಯಬಹುದು ಎಂದು ಇಪ್ಪತ್ತಮೂರು ಸೆಟ್ಟುಗಳು ಹಗಲೂ ಇರುಳೂ ಕಿವಿ ತೆರೆದುಕೊಂಡು ಕೂತಿರುತ್ತಿದ್ದವು. ಒಂದೂವರೆ ದಿನಕ್ಕೆ ಬ್ಯಾಟರಿ ಸತ್ತುಹೋಗುತ್ತಿತ್ತು. ನಿಜವಾಗಿ ಕರೆಯುವ ಹೊತ್ತಿಗೆ ಕೇಳುವವರಿಲ್ಲ. ಇಂಜಿನಿಯರುಗಳು ಬಂದರು, ಹೆಚ್ಚು ಬ್ಯಾಟರಿ ಬೇಕೆಂದರು, ಹೋದರು.

ಆಗ ಗುರುಬಾಯಿ ಇದೇ ಕೋಣೆಯಲ್ಲಿ ಕಸ ಗುಡಿಸುತ್ತಿದ್ದರು.

ಬಿಜಾಪುರ ಜಿಲ್ಲೆಯ ಸಿಂದಗಿ ಕಡೆಯವರು. ಗಂಡ ಗುರಲಿಂಗಪ್ಪ ಗೋದಿಯಲ್ಲಿ, ಅಂದರೆ ಬಂದರಿನ ಹಡಗುಕಟ್ಟೆಯಲ್ಲಿ, ಮೂಟೆ ಹೊರುತ್ತಿದ್ದರು. ಎಪ್ಪತ್ತೆಂಟರಲ್ಲಿ ಕ್ರೇನಿನ ಸರಪಳಿ ಬೆನ್ನಿಗೆ ಬಡಿದು ಮೂಟೆ ಹೊರುವ ದಿನ ಮುಗಿಯಿತು. ಮರುವರ್ಷ ಗುರುಬಾಯಿ ಪೊರಕೆ ಹಿಡಿದು ಈ ಮಾಳಿಗೆ ಹತ್ತಿದರು. ಇವತ್ತಿಗೂ, ಅಂದರೆ ಈ ತೊಂಬತ್ತೊಂದರ ಫೆಬ್ರವರಿಯಲ್ಲೂ, ಕಂಪನಿಯ ಕಾಗದದಲ್ಲಿ ಅವರ ಹುದ್ದೆ ‘ಹೆಲ್ಪರ್’. ಮನೆಯ ಅಡಿಗೆ ಗುರಲಿಂಗಪ್ಪನವರದು. “ರೊಟ್ಟಿ ನನಗಿಂತ ತೆಳ್ಳಗ ಬಡೀತಾರ್ರಿ ಈಗ” ಎನ್ನುವಾಗ ಗುರುಬಾಯಿಯ ಮುಖದಲ್ಲಿ ಗಂಡನನ್ನು ಕೀಟಲೆ ಮಾಡಿದ ಖುಷಿ.

ಗುಡಿಸುತ್ತಾ ಗುಡಿಸುತ್ತಾ ಕಿವಿಗೆ ಬಿದ್ದದ್ದೇ ಅವರ ಶಾಲೆ. ಒಂದು ದಿನ ವೈರ್‌ಲೆಸ್ ಸೂಪರ್‌ವೈಸರ್ ಸತ್ಯಮೂರ್ತಿ ತಲೆಗೆ ಕೈಹೊತ್ತು ಕೂತಿದ್ದರು. ಇವರು ಬೆಂಗಳೂರಿನವರು, ಬೊರಿವಲಿಯಿಂದ ಎರಡು ಲೋಕಲ್ ರೈಲು ಬದಲಿಸಿ ಬರುವವರು. ಆರು ಬಾರ್ಜುಗಳ ಬ್ಯಾಟರಿ ಒಟ್ಟಿಗೇ ಕೈಕೊಟ್ಟ ದಿನ ಅದು. ಗುರುಬಾಯಿ ಪೊರಕೆ ಗೋಡೆಗೆ ಒರಗಿಸಿ ಕೇಳಿದರು:

“ಸಾಹೇಬ್ರ, ಒಂದ ಮಾತ ಕೇಳ್ಲ್ಯಾ? ನಮ್ಮ ಚಾಳಿಗೆ ಫೋನ್ ಇರೂದು ಒಂದ, ಕೆಳಗ ಕಿರಾಣಿ ಅಂಗಡ್ಯಾಗ. ನಲವತ್ತ ಮನಿ. ಹಂಗಂತ ನಲವತ್ತ ಮಂದಿ ಹೆಂಗಸರು ದಿನಾ ಫೋನಿನ ಮುಂದ ಕುಂತಿರ್ತೇವೇನ್ರಿ? ಕೆಲಸಕ್ಕ ಹೋಗೂಮುಂದ ಅಂಗಡ್ಯಾಂವಗ ಹೇಳಿ ಹೋಗ್ತೇವಿ, ಫೋನ್ ಬಂದ್ರ ಬರದ ಇಡು ಅಂತ. ಸಂಜೀಕ ಬಂದ ಕೇಳ್ತೇವಿ, ನಮಗೇನರ ಐತೇನಪಾ ಅಂತ. ಇಲ್ಲಾ ಅಂದ್ರ ಮನಿಗೆ ಹೋಗ್ತೇವಿ. ಹಂಗ ಮಾಡಾಕ ಬರಂಗಿಲ್ಲೇನ್ರಿ ಇದಕ?”

ಆ ದಿನವನ್ನು ನೆನೆದರೆ ಸತ್ಯಮೂರ್ತಿಯವರಿಗೆ ಇವತ್ತಿಗೂ ಮೈ ಜುಂ ಎನ್ನುತ್ತದಂತೆ. “ನಾನು ಓದಿರೋದೇ ಇದನ್ನ ಕಣ್ರೀ. ಡಿಪ್ಲೊಮಾ, ಟ್ರೈನಿಂಗು, ಇಪ್ಪತ್ತು ವರ್ಷದ ಸರ್ವಿಸ್ಸು. ನನ್ನ ತಲೆಗೆ ಹೊಳೀಲಿಲ್ಲ. ಎಲ್ಲರ ಕಿವೀನೂ ಯಾವಾಗಲೂ ತೆರೆದಿರಬೇಕು ಅಂತ ಯಾರು ಹೇಳಿದ್ರು? ಒಬ್ಬರ ಕಿವಿ ತೆರೆದಿದ್ರೆ ಸಾಕು, ಅವರು ಮಾತು ಇಟ್ಕೊಂಡಿದ್ರೆ ಸಾಕು! ಅಬ್ಬಬ್ಬಾ, ಆವತ್ತು ಎದ್ದು ನಿಂತು ಕೈ ಮುಗಿದುಬಿಟ್ಟೆ.”

ಹೀಗೆ ಶುರುವಾದದ್ದು ಈ ಮಲಗುವ ಪದ್ಧತಿ. ಬಾರ್ಜಿನವನು ಸೆಟ್ಟು ಆರಿಸುವ ಮುನ್ನ ಹೇಳಬೇಕು: ನಾನು ಇಂಥ ನಂಬರ್, ಮಲಗುತ್ತಿದ್ದೇನೆ, ಇಂಥ ಹೊತ್ತಿಗೆ ಏಳುತ್ತೇನೆ. ಬ್ಯಾಟರಿ ಗಟ್ಟಿ ಇದ್ದವನು ಕಾಲು ಗಂಟೆಗೊಮ್ಮೆ ಏಳುತ್ತಾನೆ. ಸೊರಗಿದ ಬ್ಯಾಟರಿಯವನು ಗಂಟೆಗೊಮ್ಮೆ ಮಾತ್ರ. ಅವನು ಮಲಗಿದ್ದಾಗ ಬಂದ ಸುದ್ದಿಯೆಲ್ಲ ಗುರುಬಾಯಿಯ ಹತ್ತಿರ ಉಳಿಯುತ್ತದೆ. ಸೆಟ್ಟಿನ ಪಕ್ಕದ ಗೋಡೆಯಲ್ಲಿ ಬಿಸ್ಕತ್ತಿನ ಡಬ್ಬಿಗಳ ತಗಡು ಕತ್ತರಿಸಿ ಮಾಡಿದ ಇಪ್ಪತ್ತಮೂರು ಖಾನೆಗಳ ಹಲಗೆ ಇದೆ. ಯಾರ ಚೀಟಿಯೋ ಅವರ ಖಾನೆಗೆ. ಪ್ರತಿ ಕಾಲು ಗಂಟೆಗೆ ಗುರುಬಾಯಿ ಮೊದಲು ಗಂಟೆ ಹೇಳಿ, ಆಮೇಲೆ ಚೀಟಿ ಇದ್ದವರ ನಂಬರು ಹೇಳುತ್ತಾರೆ. ತನ್ನ ನಂಬರು ಕೇಳಿದವನು ಎಚ್ಚರವಿದ್ದು ಚೀಟಿ ಪಡೆಯುತ್ತಾನೆ, ಕೇಳದವನು ಮತ್ತೆ ಆರಿಸಿ ಮಲಗುತ್ತಾನೆ. ಒಂದೂವರೆ ದಿನ ಬರುತ್ತಿದ್ದ ಬ್ಯಾಟರಿ ಈಗ ಆರು ದಿನ ಬರುತ್ತದೆ. ಗುರುಬಾಯಿಯ ಪಾಳಿ ಐದರಿಂದ ಒಂದರವರೆಗೆ. ಅಷ್ಟರಲ್ಲಿ ಮೂವತ್ತೆರಡು ಸಲ ಕೂಗಬೇಕು. ಒಂದು ಸಲವೂ ಅರ್ಧ ನಿಮಿಷ ಹಿಂದೆಮುಂದೆ ಆಗುವಂತಿಲ್ಲ. ಇನ್ನುಳಿದ ಎರಡು ಪಾಳಿಯ ಗಂಡಸರಿಗೂ ಕೆಲಸ ಕಲಿಸಿದವರು ಅವರೇ.

ಆಸೆ ಏನಾದರೂ ಇದೆಯಾ ಎಂದು ಕೇಳಿದರೆ ನಗುತ್ತಾರೆ. “ಏನ್ ಆಸೆರಿ? ಮನಿಗೆ ಹೋಗೂಮುಂದ ಎಲ್ಲಾ ಖಾನೆ ಖಾಲಿ ಇರಬೇಕು. ಮಂದಿ ಮಾತು ನನ್ನ ಹಂತ್ಯಾಕ ಉಳದ್ರ ನನಗ ಅನ್ನ ಸೇರಂಗಿಲ್ಲ.”

ಆದರೆ ಹಲಗೆಯ ಒಂಬತ್ತನೇ ಖಾನೆಯಲ್ಲಿ ಹಳದಿಗಟ್ಟಿದ ಚೀಟಿಯೊಂದು ಹಿಂದಿನ ತಗಡಿಗೆ ಅಂಟಿಕೊಂಡು ನಿಂತಿದೆ. ಅದರ ಅಂಚುಗಳನ್ನು ಜಿರಲೆ ತಿಂದಿದೆ. ಅದೇನು ಎಂದರೆ ಗುರುಬಾಯಿ ಗಡಿಯಾರದ ಕಡೆ ತಿರುಗುತ್ತಾರೆ. “ಅದು ಹಳೇದ್ರಿ. ಇರಲಿ.”

ಒಂಬತ್ತನೇ ನಂಬರಿನ ತಾಂಡೇಲ ಅಣ್ಣು. ಉಡುಪಿ ಕಡೆಯವನು, ಮನೆ ಭಾಂಡುಪ್‌ನಲ್ಲಿ. ಆರು ಗಂಟೆಗೆ ಸೆಟ್ಟಿನಲ್ಲಿ ಅವನ ದನಿ ಬರುತ್ತದೆ, ಬಾವಿಯೊಳಗಿಂದ ಬಂದಂತೆ ಸಣ್ಣಗೆ: “ನೌ ನಂಬರ್. ಸೋತಾ ಹೈ. ಸಾತ್ ಬಜೇ.” ಬ್ಯಾಟರಿ ತರುವ ಬೋಟಿನ ಎಂಜಿನ್ ಕೆಟ್ಟು ಮೂರು ದಿನದಿಂದ ಅವನಿಗೆ ಹೊಸ ಬ್ಯಾಟರಿ ಮುಟ್ಟಿಲ್ಲ, ಹಾಗಾಗಿ ಗಂಟೆಗೊಮ್ಮೆ ಮಾತ್ರ ಏಳುತ್ತಿದ್ದಾನೆ. ಏಳಕ್ಕೆ ಮತ್ತೆ: “ನೌ ನಂಬರ್. ಸೋತಾ ಹೈ. ಆಠ್ ಬಜೇ.” ಅಷ್ಟೇ. ಗುರುಬಾಯಿಯೂ “ಠೀಕ್” ಎಂದಷ್ಟೇ ಹೇಳುತ್ತಾರೆ. ಇಬ್ಬರೂ ಕನ್ನಡದವರು, ಹಿಂದಿಯಲ್ಲಿ ಹೀಗೆ ಬಿಗುಮಾನದಿಂದ ಮಾತಾಡುವುದೇಕೆ ಎಂದು ಯಾರಿಗಾದರೂ ಅನ್ನಿಸಬೇಕು.

ಏಳೂ ನಾಲ್ಕಕ್ಕೆ ಟೆಲಿಫೋನು ಹೊಡೆದುಕೊಳ್ಳುತ್ತದೆ. ಅಣ್ಣುವಿನ ಹೆಂಡತಿ ಶೀಲಾವತಿ, ಆಸ್ಪತ್ರೆಯ ಕೆಳಗಿನ ಪಿಸಿಓದಿಂದ. ಮಗಳು ವಾರಿಜಳಿಗೆ ರಾತ್ರಿಯಿಂದ ಹೊಟ್ಟೆನೋವು, ಅಪೆಂಡಿಕ್ಸ್ ಅಂತೆ, ಬೆಳಿಗ್ಗೆಯೇ ಸೇರಿಸಿಕೊಂಡಿದ್ದಾರೆ. ಹತ್ತು ಗಂಟೆಗೆ ಆಪರೇಷನ್. ಹತ್ತು ವರ್ಷದ ಹುಡುಗಿ ಮಂಚದ ಕಂಬಿ ಹಿಡಿದುಕೊಂಡು ಹಟಕ್ಕೆ ಬಿದ್ದಿದ್ದಾಳೆ. “ಅಪ್ಪ ಬಂದ ಮೇಲೆಯೇ ಒಳಗೆ ಹೋಗುವುದು ಅಂತಾಳೆ ಅಕ್ಕ. ಹತ್ತರವರೆಗೆ ನೋಡ್ತೇನೆ, ಆಮೇಲೆ ಅಳಲಿ ಬಿಡಲಿ ತಗೊಂಡು ಹೋಗುವುದೇ ಅಂತ ಡಾಕ್ಟ್ರು ಹೇಳಿದ್ರು. ಅವರಿಗೊಂದು ತಿಳಿಸ್ತೀರಾ?”

ಗುರುಬಾಯಿ ಬರೆದುಕೊಳ್ಳುತ್ತಾರೆ. ಚೀಟಿಯನ್ನು ಒಂಬತ್ತನೇ ಖಾನೆಗೆ, ಆ ಹಳದಿ ಚೀಟಿಯ ಮುಂದೆ ನಿಲ್ಲಿಸುತ್ತಾರೆ. ಅಣ್ಣು ಸೆಟ್ಟು ಆರಿಸಿ ಐದು ನಿಮಿಷವೂ ಆಗಿಲ್ಲ. ಇನ್ನು ಏಳುವುದು ಎಂಟಕ್ಕೆ. ಎಂಟೂ ಹತ್ತಕ್ಕೆ ಒಂಬತ್ತನ್ನು ಧರಮತರ್ ಖಾಡಿಗೆ ಎಳೆದೊಯ್ಯಲು ಟಗ್ ಬರುತ್ತದೆ. ಅದು ಇವತ್ತು ಹೊರಗಿನಿಂದ ಬಾಡಿಗೆಗೆ ಬಂದದ್ದು. ಅದರಲ್ಲಿ ಕಂಪನಿಯ ಸೆಟ್ಟಿಲ್ಲ. ಒಮ್ಮೆ ಹಗ್ಗ ಕೊಟ್ಟು ಹೊರಟರೆ ಕರಂಜಾ ಗುಡ್ಡದ ಆಚೆ ಯಾವ ದನಿಯೂ ಮುಟ್ಟುವುದಿಲ್ಲ, ಮೂರು ನಾಲ್ಕು ದಿನ.

ನೀರು ಮತ್ತು ಬ್ಯಾಟರಿ ಹಂಚುವ ಬೋಟು ಇವತ್ತು ಮತ್ತೆ ನೀರಿಗಿಳಿದಿದೆ, ಅದರಲ್ಲಿ ಸೆಟ್ಟಿದೆ. ಗುರುಬಾಯಿ ಅದನ್ನು ಕರೆಯುತ್ತಾರೆ. ಒಂಬತ್ತರ ಹತ್ತಿರ ಹೋಗಲು ಎಂಟೂವರೆ ಆಗುತ್ತದೆ ಎನ್ನುತ್ತಾನೆ ಬೋಟಿನವನು. ಮುದಿ ಎಂಜಿನ್, ಹೊರಟ ಟಗ್ಗನ್ನು ಬೆನ್ನಟ್ಟಿ ಹಿಡಿಯುವ ತಾಕತ್ತು ಅದಕ್ಕಿಲ್ಲ. ಅಣ್ಣು ಇಪ್ಪತ್ತು ನಿಮಿಷ ಹಗ್ಗ ಕೊಡದೆ ನಿಲ್ಲಬೇಕು. ಅಷ್ಟು ಹೊತ್ತು ಸಮುದ್ರದ ಭರತ ಕಾಯುತ್ತದೆ. ಆದರೆ ನಿಲ್ಲು ಎಂದು ಅವನಿಗೆ ಹೇಳುವವರು ಯಾರು?

ಏಳೂ ಹದಿನೈದರ ಕೂಗಿಗೆ ಹದಿನೇಳನೇ ನಂಬರಿನ ತಾಂಡೇಲ ಕಾಶಪ್ಪ ಎದ್ದ. ಕೃಷ್ಣಾ ನದಿಯಲ್ಲಿ ತೆಪ್ಪ ಹಾಕಿ ಬೆಳೆದ ಬಾಗಲಕೋಟೆಯ ಮನುಷ್ಯ. ಅವನ ಬಾರ್ಜೇ ಒಂಬತ್ತಕ್ಕೆ ಎಲ್ಲಕ್ಕಿಂತ ಹತ್ತಿರ. “ಒದರಿ ನೋಡ್ತೀನಿ ತಡೀರಿ ಬಾಯಿ” ಎಂದ. ಏಳೂವರೆಗೆ ಗಂಟಲು ಕಟ್ಟಿದ ದನಿಯಲ್ಲಿ ವರದಿ ಬಂತು: “ಡಬ್ಬಿ ಬಡದ್ವಿ, ಧೋತರ ಬೀಸಿದ್ವಿ, ನಾಲ್ಕೂ ಮಂದಿ ಒದರಿದ್ವಿ. ಗಾಳಿ ನಮ್ಮ ಬಾಯಾಗ ಹೊಡ್ಯಾಕತ್ತೈತಿ. ಅಲ್ಲಿ ಒಬ್ಬರೂ ಹೊಳ್ಳಿ ನೋಡವಲ್ರು.”

ಇನ್ನು ಅರ್ಧ ಗಂಟೆ. ಕಾಯುವುದೊಂದೇ ಕೆಲಸ. ಆ ಅರ್ಧ ಗಂಟೆಯಲ್ಲಿ ಗುರುಬಾಯಿ ತಾವಾಗಿಯೇ ಹಳದಿ ಚೀಟಿಯ ಕಥೆ ಹೇಳುತ್ತಾರೆ. ಕಣ್ಣು ಮಾತ್ರ ಗಡಿಯಾರದಿಂದ ಕದಲುವುದಿಲ್ಲ.

ಎಂಬತ್ತನಾಲ್ಕರ ನವೆಂಬರು. ಆಗ ಅಣ್ಣು ಅವರನ್ನು ‘ಅಕ್ಕ’ ಎನ್ನುತ್ತಿದ್ದ, ಸೆಟ್ಟಿನ ಮೇಲೂ ಕನ್ನಡದಲ್ಲೇ ತಮಾಷೆ ಮಾಡುತ್ತಿದ್ದ. “ಎಂತ ಅಕ್ಕ, ನನಗೊಂದು ಚೀಟಿ ಇಲ್ಲವಾ? ನಿಮ್ಮ ರೊಟ್ಟಿಯಾದರೂ ಕಳಿಸಿ ಮಾರಾಯ್ರೆ” ಎನ್ನುತ್ತಿದ್ದ. ಊರಿನಿಂದ ಬಂದಿದ್ದ ಅವನ ತಂದೆಗೆ ಭಾಂಡುಪ್‌ನಲ್ಲಿ ಕಾಯಿಲೆ ಜೋರಾಯಿತು. ಅಣ್ಣುವಿನ ಅಣ್ಣನ ಫೋನು ಬಂತು: ಕೂಡಲೇ ದಡಕ್ಕೆ ಬರಲಿ. ಗುರುಬಾಯಿ ಮುಂದಿನ ಕಾಲು ಗಂಟೆಯ ಕೂಗಿಗೆ ಒಂಬತ್ತನ್ನು ಕರೆದು ಚೀಟಿ ಓದಿದರು. ಅದರ ಬೆನ್ನಿಗೇ ಹನ್ನೆರಡಕ್ಕೂ ಒಂದು ಚೀಟಿ ಓದಿದರು. “ಮಿಲಾ, ಮಿಲಾ” ಎಂದು ದನಿ ಬಂತು. ಸಿಕ್ಕಿತು, ಸಿಕ್ಕಿತು ಎಂದು ಎರಡು ಸಲ ಹೇಳಿದ್ದಾರೆ, ಅಂದರೆ ಇಬ್ಬರಿಗೂ ಸಿಕ್ಕಿತು ಅಂದುಕೊಂಡು ಎರಡೂ ಚೀಟಿಗಳನ್ನು ಮೊಳೆಗೆ ಚುಚ್ಚಿದರು. ಆದರೆ ಎರಡು ಸಲವೂ ಹೇಳಿದ್ದು ಹನ್ನೆರಡನೆಯವನೊಬ್ಬನೇ. ಅಣ್ಣುವಿನ ಕೈಗಡಿಯಾರ ಮೂರು ನಿಮಿಷ ಮುಂದಿತ್ತು. ಅವನು ತನ್ನ ಹೊತ್ತಿಗೆ ಎದ್ದು, ಕರೆ ಕೇಳದೆ, ಆರಿಸಿ, ಸಂಜೆಯ ಟಗ್ಗಿಗೆ ಹಗ್ಗ ಕೊಟ್ಟು ಹೊರಟುಹೋಗಿದ್ದ.

ನಾಲ್ಕು ದಿನ ಬಿಟ್ಟು ಬಂದ. ತಂದೆಯನ್ನು ಸುಟ್ಟಾಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವನ ಅಣ್ಣ ಕಂಪನಿಗೆ ಫೋನು ಮಾಡಿ ಕೇಳಿದ್ದ, ಸುದ್ದಿ ಮುಟ್ಟಿದೆ ಎಂದು ಇಲ್ಲಿಂದ ಹೇಳಿದ್ದರು. ಗೊತ್ತಿದ್ದೂ ಬರಲಿಲ್ಲ ಎಂದು ಮನೆಯವರೆಲ್ಲ ಅಣ್ಣುವಿಗೆ ಬಾಗಿಲಲ್ಲೇ ಮುಖ ತಿರುಗಿಸಿದರು.

“ನಾನ ಹೋದ್ನಿರಿ ಭಾಂಡುಪ್ಪಿಗೆ. ಹನ್ನೊಂದನೇ ದಿನ. ಎಲ್ಲಾರೂ ಕುಂತಿದ್ರು. ತಪ್ಪು ನಂದು, ಅವಗ ಸುದ್ದೀನ ಮುಟ್ಟಿಲ್ಲ ಅಂದೆ. ಅವರಣ್ಣ ಅತ್ತ. ಅಣ್ಣು ಒಂದ ಮಾತೂ ಬೈಲಿಲ್ಲ. ಬೈದಿದ್ರ ಚಲೋ ಇತ್ತ. ಅವತ್ತಿಂದ ಆರು ವರ್ಷಾತು, ನನ್ನ ಜೋಡಿ ಕನ್ನಡದಾಗ ಮಾತಾಡಿಲ್ಲ. ನೌ ನಂಬರ್, ಸೋತಾ ಹೈ. ಅಷ್ಟ. ನಾ ಆ ಚೀಟಿ ಮೊಳೀಂದ ತಗದು ಮತ್ತ ಖಾನೆದಾಗ ಇಟ್ಟೆ. ಮುಟ್ಟಿಲ್ಲಲ್ಲ ಅದು.”

ಅಂದಿನಿಂದ ಎರಡು ನಿಯಮ ಬಂದವು. ಕೂಗಿಗೆ ಮೊದಲು ಗಂಟೆ ಹೇಳುವುದು, ಬಾರ್ಜಿನವರು ಅದಕ್ಕೆ ತಮ್ಮ ಗಡಿಯಾರ ಕೂಡಿಸಿಕೊಳ್ಳುವುದು. ಚೀಟಿ ಪಡೆದವನು ಬರೀ ‘ಮಿಲಾ’ ಎಂದರೆ ಲೆಕ್ಕಕ್ಕಿಲ್ಲ. ತನ್ನ ನಂಬರು ಹೇಳಿ, ಮಾತನ್ನು ತಿರುಗಿ ಒಪ್ಪಿಸಿದರೇ ಚೀಟಿ ಮೊಳೆಗೆ. ಈ ಆರು ವರ್ಷದಲ್ಲಿ ಇಲ್ಲಿ ಒಂದೇ ಒಂದು ಸುದ್ದಿ ಕಳೆದಿಲ್ಲ ಎಂದು ಸತ್ಯಮೂರ್ತಿ ಎದೆ ತಟ್ಟಿ ಹೇಳುತ್ತಾರೆ. ಗುರುಬಾಯಿ ಎದೆ ತಟ್ಟುವುದಿಲ್ಲ.

ಏಳೂಮುಕ್ಕಾಲಿಗೆ ಸತ್ಯಮೂರ್ತಿಯವರೂ ಊಟದ ಡಬ್ಬಿ ಹಿಡಿದು ಬೆವರು ಒರೆಸಿಕೊಳ್ಳುತ್ತಾ ಬರುತ್ತಾರೆ. ಸಂಗತಿ ತಿಳಿದ ಮೇಲೆ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಾರೆ.

ಎಂಟು ಗಂಟೆ. “ಆಠ್ ಬಜೇ. ಆಠ್ ಬಜೇ. ಚಿಟ್ಠಿ ಹೈ: ನೌ. ಸಿರ್ಫ್ ನೌ.” ಚೀಟಿ ಒಂಬತ್ತಕ್ಕೆ ಮಾತ್ರ.

ಒಗ್ಗರಣೆಯ ಸದ್ದು. ಮತ್ತೆ ಕರೆಯುತ್ತಾರೆ. ಸದ್ದು. ಒಂದು ನಿಮಿಷ ಹೋಯಿತು. ಕೇಳಿಸುತ್ತಿರಲಿ ಬಿಡಲಿ ಎಂದು ಗುರುಬಾಯಿ ಚೀಟಿಯನ್ನು ಹಿಂದಿಯಲ್ಲಿ ಪೂರ್ತಿ ಓದುತ್ತಾರೆ. ಗುಂಡಿ ಬಿಟ್ಟ ತಕ್ಷಣ ದನಿ: “ಮಿಲಾ, ಮಿಲಾ!”

“ಸದ್ಯ! ಸಿಕ್ತಲ್ಲಪ್ಪಾ” ಎಂದು ಸತ್ಯಮೂರ್ತಿ ಇನ್ನೊಂದು ಕುರ್ಚಿಯಲ್ಲಿ ಕೂತು ಒರಗುತ್ತಾರೆ.

ಗುರುಬಾಯಿ ಚೀಟಿಯನ್ನು ಮೊಳೆಗೆ ಚುಚ್ಚುವುದಿಲ್ಲ. “ಏನ್ ಸಿಕ್ತ್ರಿ? ನಂಬರ್ ಎಲ್ಲೈತಿ?” ಎಂದವರೇ ಮೈಕಿಗೆ, “ಕೌನ್ ಬೋಲಾ ಮಿಲಾ? ನಂಬರ್ ಬೋಲೋ!” ಎಂದು ಗದರುತ್ತಾರೆ. ಐದನೇ ನಂಬರಿನವನು ಅಳುಕುತ್ತಾ ಒಪ್ಪಿಕೊಳ್ಳುತ್ತಾನೆ. ಚೀಟಿ ಎಲ್ಲರಿಗೂ ಕೇಳಿಸಿತಲ್ಲ, ಅದಕ್ಕೇ ಹೇಳಿದೆ ಎನ್ನುತ್ತಾನೆ. “ಮೂಹ್ ಬಂದ್! ಕೋಯಿ ನಹೀ ಬೋಲೇಗಾ. ಸಿರ್ಫ್ ನೌ!” ಇಡೀ ಬಂದರು ಬಾಯಿ ಮುಚ್ಚಿಕೊಳ್ಳುತ್ತದೆ.

ಎಂಟೂ ಮೂರು. ಗುರುಬಾಯಿ ಸೆಟ್ಟಿನ ಜಾಲರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ್ದಾರೆ. ಸದ್ದು ಹಾಗೇ ಸುರಿಯುತ್ತಿದೆ. ಇದ್ದಕ್ಕಿದ್ದಂತೆ ಕಣ್ಣು ತೆರೆಯುತ್ತಾರೆ.

“ಅಣ್ಣು ಅದಾನ್ರಿ!”

“ಎಲ್ಲಮ್ಮಾ? ನನಗೇನೂ ಕೇಳಿಸಲಿಲ್ಲವಲ್ಲ!”

“ಸದ್ದ ಎರಡ ಸಲ ನಿಂತಿತ್ರಿ. ಒಂದ ಚಿಟಿಕಿ ಹೊಡಿಯೂವಷ್ಟು. ಅಣ್ಣು ಮಾತಾಡೂಕಿಂತ ಮೊದಲ ಗುಂಡಿ ಎರಡ ಸಲ ಒತ್ತತಾನ, ಮೊದಲಿಂದೂ ಚಾಳಿ ಅದು. ಎದ್ದಾನ ಅಂವ. ಕೇಳಾಕತ್ತಾನ. ದನಿ ಹೊರಗ ಒಗ್ಯಾಕ ಬ್ಯಾಟರಿಗೆ ದಮ್ಮಿಲ್ಲ.”

ಏನು ಹೇಳೋಣ! ಮೂರು ನಾಲ್ಕು ಮೈಲಿ ನೀರಿನಾಚೆ ಒಬ್ಬ ಮನುಷ್ಯನ ಹೆಬ್ಬೆರಳು ಗುಂಡಿಯ ಮೇಲೆ ಎರಡು ಸಲ ಒತ್ತಿದ್ದು ಈ ಹೆಂಗಸಿಗೆ ಇಲ್ಲಿ ತಿಳಿದಿದೆ. ದನಿ ಬಂದೇ ಇಲ್ಲ. ದನಿ ಬರಲಾಗದೆ ನಿಂತದ್ದು ಅವರಿಗೆ ಕೇಳಿಸಿದೆ. ಸತ್ಯಮೂರ್ತಿ ಕೂತಲ್ಲಿಂದ ಎದ್ದು ನಿಂತಿದ್ದಾರೆ.

ಗುರುಬಾಯಿ ಮೈಕು ಎತ್ತುತ್ತಾರೆ. ಆರು ವರ್ಷದ ಮೇಲೆ ಒಂಬತ್ತನೇ ನಂಬರಿಗೆ ಕನ್ನಡದಲ್ಲಿ ಮಾತು ಹೊರಡುತ್ತದೆ.

“ಅಣ್ಣು ತಾಂಡೇಲ್ರ, ನಾ ಗುರುಬಾಯಿ. ನೀವು ಮಾತಾಡಬ್ಯಾಡ್ರಿ, ಬರೇ ಕೇಳ್ರಿ. ಟಗ್ಗಿಗೆ ಹಗ್ಗ ಕೊಡಬ್ಯಾಡ್ರಿ. ಎಂಟೂವರಿಗೆ ನೀರಿನ ಬೋಟ್ ಬರತೈತಿ, ಅದರಾಗ ಇಳದು ಬರ್ರಿ. ಹತ್ತಕ್ಕ ವಾರಿಜಾಗ ಅಪೆಂಡಿಕ್ಸ್ ಆಪರೇಷನ್ ಐತಿ. ಅಂಜಬ್ಯಾಡ್ರಿ. ಅಪ್ಪ ಬಂದ ಮ್ಯಾಲ ಒಳಗ ಹೋಗ್ತೀನಂತ ಕುಂತಾಳ. ಈಗ ಸೆಟ್ ಆರಸ್ರಿ. ಮೂರ ನಿಮಿಷ ಬ್ಯಾಟರಿಗೆ ಉಸಿರು ಬಿಡಾಕ ಬಿಡ್ರಿ. ಆಮ್ಯಾಲ ಎಷ್ಟ ಸಣ್ಣ ದನಿ ಇದ್ರೂ ನಡೀತೈತಿ, ನನಗ ತಿರುಗಿ ಹೇಳ್ರಿ. ನಾ ಕಾಯ್ತೀನಿ.”

ಎಂಟೂ ಐದು. “ಕೇಳಿಸಿರತ್ತೆ ಬಿಡಿ ಗುರುಬಾಯಿಯವರೇ” ಎಂದು ಸತ್ಯಮೂರ್ತಿ ಸಮಾಧಾನ ಹೇಳುತ್ತಾರೆ. “ನೀವೇ ಅಂದ್ರಲ್ಲ ಎದ್ದಿದ್ದಾನೆ ಅಂತ.”

“ಕೇಳಸೇತಿ ಅಂತ ನಾ ಅಂದ್ರ ಆಗಂಗಿಲ್ರಿ. ಅಂವ ಅನಬೇಕು.” ಗುರುಬಾಯಿ ಗಡಿಯಾರ ನೋಡುತ್ತಾರೆ. “ಹಿಂದಕ ನಾನ ಅಂದಿದ್ದೆ.”

ಎಂಟೂ ಏಳು. ಹದಿನೇಳರ ಕಾಶಪ್ಪನಿಗೆ ಟಗ್ಗಿನ ಹೊಗೆ ಕಾಣುತ್ತಿರಬೇಕು, ಆದರೆ ಅವನೂ ಉಸಿರು ಬಿಗಿಹಿಡಿದಿದ್ದಾನೆ. ಎಂಟೂ ಎಂಟು. ಗುರುಬಾಯಿಯ ತುಟಿ ಸೆಕೆಂಡು ಎಣಿಸುತ್ತಿದೆ. ಎಂಟೂ ಒಂಬತ್ತಕ್ಕೆ ಇನ್ನೇನು ಮುಳ್ಳು ಬರಬೇಕು, ಸದ್ದು ಎರಡು ಸಲ ಕಡಿಯುತ್ತದೆ. ಈ ಸಲ ಸ್ಟೂಲಿನ ಮೇಲೆ ಕೂತವರಿಗೂ ಕೇಳಿಸುತ್ತದೆ. ಆಮೇಲೆ ದನಿ, ನೂಲಿನಷ್ಟು ತೆಳ್ಳಗೆ.

“ಒಂಬತ್ತು. ಹಗ್ಗ ಕೊಡುವುದಿಲ್ಲ. ಎಂಟೂವರೆಗೆ ಬೋಟು. ವಾರಿಜನ ಆಪರೇಷನ್ ಹತ್ತಕ್ಕೆ. ಕಾಯ್ತಾ ಇದ್ದಾಳೆ.”

ಅಷ್ಟಕ್ಕೇ ಸಾಕಿತ್ತು. ಸತ್ಯಮೂರ್ತಿ ಆಗಲೇ ಕೈ ಎತ್ತಿ ದೇವರಿಗೆ ಮುಗಿಯುತ್ತಿದ್ದಾರೆ. ಗುರುಬಾಯಿ ಮಾತ್ರ ಮೈಕು ಕೆಳಗಿಟ್ಟಿಲ್ಲ, ಏಕೆಂದರೆ ಸದ್ದು ಇನ್ನೂ ಮರಳಿಲ್ಲ; ಆ ಕಡೆಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇದೆ. ಎರಡು ಸೆಕೆಂಡು ಅಣ್ಣುವಿನ ಉಸಿರು ಮಾತ್ರ ಕೇಳುತ್ತದೆ.

“ಸಿಕ್ಕಿತು ಅಕ್ಕ. ಆವತ್ತಿನದ್ದೂ ಸಿಕ್ಕಿತು.”

ಸದ್ದು ಮರಳುತ್ತದೆ. ಒಂಬತ್ತರ ಬ್ಯಾಟರಿ ಪೂರ್ತಿ ಮುಗಿದಿತ್ತು ಎಂದು ಆಮೇಲೆ ಬೋಟಿನವನಿಂದ ತಿಳಿಯಿತು. “ಅಂಥ ಬ್ಯಾಟರೀಲಿ ಒಂದು ಮಾತೂ ಹೆಚ್ಚಿಗೆ ಆಡಬಾರದು ಅಂತ ನಾನೇ ಅವರಿಗೆಲ್ಲ ಪಾಠ ಮಾಡಿದೀನಿ” ಎನ್ನುತ್ತಾರೆ ಸತ್ಯಮೂರ್ತಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. “ಉಳಿದಿದ್ದಷ್ಟನ್ನೂ ಆ ಮಾತಿಗೇ ಖರ್ಚು ಮಾಡಿದ ನೋಡಿ.”

ಗುರುಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಾರೆ. ಮರೆಮಾಚುವುದಿಲ್ಲ, ನಾಚುವುದೂ ಇಲ್ಲ. ಸರಿಯಾಗಿ ಎಂಟೂ ಹದಿನೈದಕ್ಕೆ ಕಣ್ಣೊರೆಸಿಕೊಂಡು ಗುಂಡಿ ಒತ್ತುತ್ತಾರೆ. “ಸವ್ವಾ ಆಠ್. ಸವ್ವಾ ಆಠ್. ಚಿಟ್ಠಿ ಹೈ: ದೋ, ಚೌದಾ.” ಎರಡನೆಯವನೂ ಹದಿನಾಲ್ಕನೆಯವನೂ ಎದ್ದು ಚೀಟಿ ಒಪ್ಪಿಸಿಕೊಳ್ಳುತ್ತಾರೆ. ಎಂಟೂವರೆ ದಾಟಿದ ಮೇಲೆ ಕಾಶಪ್ಪ ಕಿರುಚುತ್ತಾನೆ: “ಇಳದ್ರು ಬಾಯಿ! ಬೋಟಿನಾಗ ಇಳದ್ರು! ಟಗ್ಗಿನಾಂವ ಬೈಯಾಕತ್ತಾನ, ಬೈಲಿ!”

ಹತ್ತೂವರೆಗೆ ಮತ್ತೆ ಟೆಲಿಫೋನು. ಶೀಲಾವತಿ. ಅಪ್ಪನ ಒದ್ದೆ ಶರ್ಟಿನ ತೋಳು ಹಿಡಿದುಕೊಂಡೇ ಹುಡುಗಿ ಆಪರೇಷನ್ ಕೋಣೆಯ ಬಾಗಿಲವರೆಗೆ ಹೋದಳಂತೆ, ಆಮೇಲೆ ತಾನಾಗಿ ಬಿಟ್ಟಳಂತೆ. ಹನ್ನೆರಡಕ್ಕೆ ಇನ್ನೊಂದು ಫೋನು: ಎಲ್ಲ ಸಸೂತ್ರ, ಎಚ್ಚರಾಗಿ ನೀರು ಕೇಳುತ್ತಿದ್ದಾಳೆ.

ಒಂದು ಗಂಟೆಗೆ ಮುಂದಿನ ಪಾಳಿಯವನು ಬಂದು ಕುರ್ಚಿ ಹಿಡಿಯುತ್ತಾನೆ. ಗುರುಬಾಯಿ ಚಪ್ಪಲಿ ಮೆಟ್ಟುವ ಮೊದಲು ಹಲಗೆಯ ಹತ್ತಿರ ಹೋಗುತ್ತಾರೆ. ಒಂಬತ್ತನೇ ಖಾನೆಯಿಂದ ಹಳದಿ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ. ತಗಡಿಗೆ ಅಂಟಿದ ಒಂದು ಮೂಲೆ ಅಲ್ಲೇ ಉಳಿಯುತ್ತದೆ, ಅದನ್ನೂ ಕೆರೆದು ತೆಗೆಯುತ್ತಾರೆ. ಚೀಟಿಯನ್ನು ಮೇಜಿನ ಮೊಳೆಗೆ, ಇವತ್ತಿನ ಚೀಟಿಗಳ ಮೇಲೆ ಚುಚ್ಚುತ್ತಾರೆ. ಕೈಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ಇಪ್ಪತ್ತಮೂರು ಖಾನೆಗಳನ್ನೂ ನೋಡುತ್ತಾರೆ.

“ಇವತ್ತ ನನ್ನ ಹಂತ್ಯಾಕ ಯಾರ ಮಾತೂ ಉಳದಿಲ್ರಿ” ಎನ್ನುತ್ತಾರೆ. “ಹೊಟ್ಟಿ ಹಸದೈತಿ. ಬರ್ತೀನಿ.”